ಬಾಕ್ಸ್‌ನಲ್ಲೇ ಭದ್ರವಾಗಿ ಇಟ್ಟಿದ್ದ ಫಿಗರ್‌ಗಳು ಅಂಟಂಟಾಗಿವೆ, ಎಸೀಬೇಕಾ?

ಮೂಲೆಬೀರು:

ಎಲ್ರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಸುಮ್ನೆ ಓದ್ಕೊಂಡಿದ್ದೆ, ಬರೀತಿರೋದು ಇದೇ ಮೊದಲು, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ನನ್ ಹತ್ರ ಹತ್ತತ್ರ 40 ಫಿಗರ್, ಅಂದ್ರೆ ಶೋಗೆ ಇಡೋ ಪ್ಲಾಸ್ಟಿಕ್ ಗೊಂಬೆ, ಇವೆ. ಅರ್ಧ ಭಾಗ ಅನಿಮೆ ಸ್ಕೇಲ್ ಫಿಗರ್ರು (ಜಪಾನಿ ಕಾರ್ಟೂನ್ ಪಾತ್ರಗಳನ್ನ ಇಂತಿಷ್ಟು ಪ್ರಮಾಣ ಅಂತ ಚಿಕ್ಕದು ಮಾಡಿದ್ದು), ಹನ್ನೆರಡು ಫಂಕೋ ಪಾಪ್ (ದೊಡ್ಡ ತಲೆ ಗೊಂಬೆ), ಆರೋ ಏಳೋ ನೆಂಡೊರಾಯ್ಡ್ (ಮುಖ, ಕೈ ಬದಲಾಯಿಸೋ ಪುಟಾಣಿ), ಮಿಕ್ಕಿದ್ದು ಪ್ರೈಜ್ ಫಿಗರ್ (ಗೇಮ್ ಮೆಷಿನ್‌ಗೆ ಬಹುಮಾನ ಅಂತ ಮಾಡೋ ಅಗ್ಗದ್ದು). ಮೂರು ವರ್ಷದ ಹಿಂದೆ ಮನೆ ಬದಲಾಯಿಸೋವಾಗ ಎಲ್ಲಾನೂ ಅವವುಗಳ ಬಾಕ್ಸ್‌ಗೆ ಹಾಕಿ, ಒಂದೊಂದು ಬಾಕ್ಸನ್ನೂ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ, ಟೇಪ್ ಹೊಡೆದು, ಅಟ್ಟದ ಮೇಲೆ ಜೋಡಿಸಿಟ್ಟೆ. ಒಂದು ಕಣ ಧೂಳು ಹೋಗಬಾರದು ಅಂತ ಅಷ್ಟು ಮುತುವರ್ಜಿ. ಹೊಸ ಗಾಜಿನ ಬೀರು ಬಂತು ಅಂತ ಮೊನ್ನೆ ಇಳಿಸಿ ತೆಗೆದ್ರೆ ಎದೆ ಧಸಕ್ ಅಂತು. ಬಾಕ್ಸ್ ತೆಗೆದ ತಕ್ಷಣ ಹೊಸ ಮಳೆಕೋಟಿನ ಥರ ಒಂದು ವಾಸನೆ, ಫಿಗರ್ ಮುಟ್ಟಿದ್ರೆ ಗಮ್ ಸವರಿಟ್ಟ ಹಾಗೆ ಅಂಟು, ಬೆರಳಿನ ಗುರುತು ಹಾಗೇ ಮೂಡ್ತಿದೆ. ಅಮ್ಮ ಬಂದು ಮುಟ್ಟಿ ನೋಡಿ "ಇವಕ್ಕೆ ಎಣ್ಣೆ ಯಾಕೋ ಹಚ್ಚಿದ್ದೀಯ" ಅಂತ ಕೇಳಿದ್ರು, ಏನ್ ಹೇಳ್ಲಿ.

ಅಷ್ಟೇ ಆಗಿದ್ರೆ ತಡ್ಕೋತಿದ್ದೆ. ಒಂಟಿ ಕಾಲಲ್ಲಿ ನಿಂತಿರೋ ಕತ್ತಿ ಹುಡುಗಿ ಒಬ್ಳಿದಾಳೆ, 1/7 ಸ್ಕೇಲು, ಅವಳು ಮುಂದಕ್ಕೆ ಬಾಗಿ ಈಗ ಬೀಳ್ತೀನಿ ಆಗ ಬೀಳ್ತೀನಿ ಅಂತಿದಾಳೆ. ಇನ್ನೊಂದರ ಬಿಳಿ ಲಂಗಕ್ಕೆ ಪಕ್ಕದ ನೇರಳೆ ಬಟ್ಟೆ ಬಣ್ಣ ಹತ್ಕೊಂಡಿದೆ, ಉಜ್ಜಿದ್ರೆ ಹೋಗ್ತಿಲ್ಲ.

ಕೇಳಬೇಕಾಗಿದ್ದು ಇಷ್ಟೇ. ಇದು ಫಂಗಸ್ಸಾ? ನನಗೆ ಡೂಪ್ಲಿಕೇಟ್ ಕೊಟ್ಟಿದಾರಾ? ತೊಳೀಬಹುದಾ, ಎಸೀಬೇಕಾ? ತೊಳೆದ್ರೆ ಮತ್ತೆ ಬಾಕ್ಸ್‌ಗೇ ಹಾಕಿಡ್ಲಾ? ಡೂಪ್ಲಿಕೇಟ್ ಅನುಮಾನ ಯಾಕೆ ಬಂತು ಅಂದ್ರೆ, ಇದರಲ್ಲಿ ಒಂದು ನೆಂಡೊರಾಯ್ಡ್ ತಗೊಂಡಾಗ್ಲೇ ಮೈಕ್ ಹಿಡಿದಿರೋ ಕೈ ಇರ್ಲಿಲ್ಲ, ಬಾಕ್ಸ್ ಹಿಂದಿನ ಫೋಟೋದಲ್ಲಿ ಇತ್ತು ಆದ್ರೆ ಒಳಗಿಲ್ಲ, ಮಾರಿದವನ ಜೊತೆ ಜಗಳ ಆಡಿ ಒಂದು ಸ್ಟಾರ್ ಕೊಟ್ಟು ಬಂದಿದ್ದೆ, ಆಮೇಲೆ ಬೇಜಾರಾಗಿ ಅದನ್ನ ಮುಟ್ಟೇ ಇಲ್ಲ.

ಹಳೇಪ್ಲಾಸ್ಟಿಕ್:

ಅಯ್ಯೋ ಎಸೀಬೇಡಿ ಮಾರಾಯ್ರೇ! ಫಂಗಸ್ಸೂ ಅಲ್ಲ ಏನೂ ಅಲ್ಲ. ಅದು ಪ್ಲಾಸ್ಟಿಸೈಸರ್.

ಫಿಗರ್ ಮೈ ಮಾಡೋದು ಪಿವಿಸಿ ಅನ್ನೋ ಪ್ಲಾಸ್ಟಿಕ್‌ನಲ್ಲಿ. ಅದು ತಾನಾಗೇ ಗಟ್ಟಿ ವಸ್ತು, ನೀರಿನ ಪೈಪು ನೋಡಿದೀರಲ್ಲ, ಅದೇ ಜಾತಿ. ಅದನ್ನ ಮೆತ್ತಗೆ ಮಾಡಿ ಕೂದಲಿನ ಎಳೆ, ಲಂಗದ ನೆರಿಗೆ ಎಲ್ಲಾ ಅಚ್ಚಲ್ಲಿ ಚೆನ್ನಾಗಿ ಬರೋ ಹಾಗೆ ಮಾಡಕ್ಕೆ ಎಣ್ಣೆ ಥರದ ರಾಸಾಯನಿಕ ಸೇರಿಸ್ತಾರೆ. ಅದು ಪ್ಲಾಸ್ಟಿಕ್ ಜೊತೆ ಕಲೆತಿರತ್ತೆ ಅಷ್ಟೇ, ಕಟ್ಟಿ ಹಾಕಿರಲ್ಲ, ಹಾಗಾಗಿ ವರ್ಷ ಕಳೆದ ಹಾಗೆ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಬರತ್ತೆ, ಶೆಕೆ ಇದ್ರೆ ಇನ್ನೂ ಬೇಗ. ಹೊರಗೆ ಗಾಳಿಲಿ ಇದ್ರೆ ಬಂದಿದ್ದು ಬಂದ ಹಾಗೆ ಆರಿ ಹೋಗತ್ತೆ, ನಿಮಗೆ ಗೊತ್ತೂ ಆಗಲ್ಲ. ಮುಚ್ಚಿದ ಬಾಕ್ಸ್‌ನಲ್ಲಿ ಹೋಗಕ್ಕೆ ಜಾಗ ಇಲ್ಲ, ಅಲ್ಲೇ ಫಿಗರ್ ಮೈಮೇಲೆ ಕೂತ್ಕೊಳ್ಳತ್ತೆ. ನೀವು ಅದರ ಮೇಲೆ ಇನ್ನೊಂದು ಕವರ್ ಸುತ್ತಿ ಟೇಪ್ ಬೇರೆ ಹೊಡೆದ್ರಿ, ಅಟ್ಟ ಅಂದ್ರೆ ಇಡೀ ಮನೇಲಿ ಜಾಸ್ತಿ ಕಾಯೋ ಜಾಗ. ಬೇಕು ಅಂತ ಅಂಟು ಬರಿಸಿದ್ರೂ ಇಷ್ಟು ಚೆನ್ನಾಗಿ ಬರ್ತಿರ್ಲಿಲ್ಲ 😄 ಬೇಜಾರು ಮಾಡ್ಕೋಬೇಡಿ, ಈ ತಪ್ಪು ಮಾಡದೇ ಇರೋ ಕಲೆಕ್ಟರ್ ಇಲ್ಲ.

ಪರೀಕ್ಷೆ ಬೇಕಾ? ಅದೇ ಫಿಗರ್‌ನ ಕತ್ತಿ, ಸ್ಟ್ಯಾಂಡು, ಬೇಸ್ ಮುಟ್ಟಿ ನೋಡಿ. ಅವು ಸಾಮಾನ್ಯವಾಗಿ ಎಬಿಎಸ್ ಅನ್ನೋ ಬೇರೆ ಗಟ್ಟಿ ಪ್ಲಾಸ್ಟಿಕ್, ಅದಕ್ಕೆ ಈ ಎಣ್ಣೆ ಹಾಕಲ್ಲ, ಒಣಗೇ ಇರತ್ತೆ. ಮೈ ಅಂಟು, ಕತ್ತಿ ಒಣ ಅಂದ್ರೆ ನಾನು ಹೇಳಿದ್ದೇ.

ತೊಳೆಯೋದು ಹೀಗೆ. ಉಗುರು ಬೆಚ್ಚಗಿನ ನೀರು ಒಂದು ಟಬ್‌ಗೆ, ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಮೂರು ಹನಿ, ಫಿಗರ್ ಬಿಚ್ಚಕ್ಕೆ ಬರೋ ಭಾಗ ಎಲ್ಲಾ ಬಿಚ್ಚಿ ಹತ್ತು ನಿಮಿಷ ನೆನೆ ಹಾಕಿ. ಆಮೇಲೆ ಮಕ್ಕಳ ಟೂತ್ ಬ್ರಷ್ ತಗೊಂಡು ಮೆಲ್ಲಗೆ, ಕೂದಲಿನ ಸಂದಿ, ಕಾಲರ್ ಕೆಳಗೆ, ಬೂಟ್ ಮಡಿಕೆ, ಅಂಟು ಅಡಗಿ ಕೂರೋದೇ ಅಲ್ಲಿ. ಕಣ್ಣಿನ ಮೇಲೆ ಬ್ರಷ್ ಬೇಡ, ಪ್ರಿಂಟ್ ಎದ್ದು ಬಂದ್ರೆ ಕಷ್ಟ, ಬೆರಳಲ್ಲೇ ಸವರಿ ಸಾಕು. ತಣ್ಣೀರಲ್ಲಿ ಜಾಲಿಸಿ, ಟವೆಲ್ ಮೇಲೆ ನೆರಳಲ್ಲಿ ಆರಕ್ಕೆ ಬಿಡಿ. ಕೂದಲು ಒಳಗೆ ಟೊಳ್ಳಿದ್ರೆ ನೀರು ನಿಂತಿರತ್ತೆ, ಅಲ್ಲಾಡಿಸಿ ತೆಗೀರಿ. ಬಿಸಿಲು ಬೇಡ. ಸ್ಪಿರಿಟ್ಟು, ನೇಲ್ ಪಾಲಿಶ್ ರಿಮೂವರ್ರು ಹತ್ರಾನೂ ತರಬೇಡಿ, ಅಂಟಿನ ಜೊತೆ ಪೇಂಟೂ ಹೋಗತ್ತೆ. ಪೌಡರ್ ಹಾಕಿ ಅಂತ ಕೆಲವರು ಹೇಳ್ತಾರೆ, ನಾನೂ ಒಂದ್ಸಲ ಹಾಕಿದ್ದೆ, ಸಂದೀಲೆಲ್ಲಾ ಬೆಳ್ಳಗೆ ಕೂತು ತಲೆಗೆ ಹಿಟ್ಟು ಬಿದ್ದವರ ಥರ ಕಾಣ್ತಿತ್ತು, ಮತ್ತೆ ತೊಳೆದೆ.

ಇನ್ನೊಂದು ಮಾತು, ಒಂದೇ ತೊಳೆತಕ್ಕೆ ಮುಗಿಯಲ್ಲ. ಒಳಗಿರೋದು ಇನ್ನೂ ಬರ್ತಾನೇ ಇರತ್ತೆ, ಕೆಲವು ತಿಂಗಳಾದ್ಮೇಲೆ ಮತ್ತೆ ಸ್ವಲ್ಪ ಅಂಟಬಹುದು. ಅದಕ್ಕೇ ಹೊರಗೆ ಇಡಿ ಅನ್ನೋದು.

ಸೀಲ್ ಒಡೀಬೇಡಿ:

ಮೇಲಿನವರು ಹೇಳಿದ ಕೆಮಿಸ್ಟ್ರಿ ಸರಿ ಇದೆ ಆದ್ರೆ ಎಲ್ಲಾನೂ ಹೊರಗೆ ಇಡಿ ಅನ್ನೋದನ್ನ ನಾನು ಒಪ್ಪಲ್ಲ. ಇವರ ಹತ್ರ ಹನ್ನೆರಡು ಪಾಪ್ ಇದೆ ಅಂತಿದಾರೆ, ಪಾಪ್‌ನಲ್ಲಿ ಬಾಕ್ಸೇ ಅರ್ಧ ವಸ್ತು. ಚೇಸ್ ಅಂತ ಅದೇ ಪಾಪ್‌ನ ಅಪರೂಪದ ರೂಪ ಬರತ್ತಲ್ಲ, ಸಾಮಾನ್ಯವಾಗಿ ಆರಕ್ಕೆ ಒಂದು, ಅದು ಚೇಸ್ ಅಂತ ತೋರಿಸೋ ಸ್ಟಿಕ್ಕರ್ ಇರೋದು ಬಾಕ್ಸ್ ಮೇಲೆ, ಗೊಂಬೆ ಮೇಲಲ್ಲ. ಅಭಿಮಾನಿಗಳ ಮೇಳಕ್ಕೆ ಅಂತ ಬಿಡೋ ಕನ್ವೆನ್ಷನ್ ಎಕ್ಸ್‌ಕ್ಲೂಸಿವ್ ಸ್ಟಿಕ್ಕರ್ರೂ ಅಷ್ಟೇ. ಬಾಕ್ಸ್ ಎಸೆದ್ರೆ ಆಮೇಲೆ ಮಾರೋವಾಗ ಯಾರೂ ನಂಬಲ್ಲ. ನನ್ ಪಾಪ್‌ಗಳೆಲ್ಲಾ 0.5 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಪ್ರೊಟೆಕ್ಟರ್ ಡಬ್ಬಿಲಿ ನಿಂತಿವೆ, ಒಂದು ಮೂಲೆ ಮುದುಡಿಲ್ಲ. ಕಾರ್ಡ್ ಮೇಲಿನ ಹಳೇ ಆಕ್ಷನ್ ಫಿಗರ್‌ಗಳ ಕಥೆ ಇನ್ನೂ ಗಂಭೀರ, ಕಾರ್ಡಿಗೆ ಅಂಟಿಸಿರೋ ಪ್ಲಾಸ್ಟಿಕ್ ಬಬಲ್ ಒಮ್ಮೆ ಕಿತ್ರೆ ಕಿತ್ತ ಹಾಗೇ, ವಾಪಸ್ ಅಂಟಿಸಿದ್ದು ನೋಡಿದವರಿಗೆ ಗೊತ್ತಾಗ್ಬಿಡತ್ತೆ. ಎಎಫ್‌ಎ ಅನ್ನೋ ಆಟಿಕೆಗೆ ಗ್ರೇಡ್ ಕೊಡೋ ಕಂಪನಿ ಕಡೆ ಗ್ರೇಡ್ ಮಾಡಿಸಿ ಅಕ್ರಿಲಿಕ್ ಒಳಗೆ ಮುಚ್ಚಿಸಿಟ್ಕೊಳ್ಳೋರು ಹುಚ್ಚರೇನಲ್ಲ.

ನಾಕಿಂಚು:

ಹುಚ್ಚರಲ್ಲ ಅಂತ ಯಾರು ಹೇಳಿದ್ದು ಗುರು 😂

ತಮಾಷೆಗೆ ಅಂದೆ. ಆದ್ರೆ ಬಾಕ್ಸ್ ಮಹಿಮೆ ಮಾತು ಬಂತು ಅಂತ ಹೇಳ್ತೀನಿ, 1977ರಲ್ಲಿ ಸ್ಟಾರ್ ವಾರ್ಸ್ ಸಿನಿಮಾ ಓಡಿದ ರಭಸಕ್ಕೆ ಕೆನ್ನರ್ ಕಂಪನಿಗೆ ಕ್ರಿಸ್ಮಸ್‌ಗೆ ಆಟಿಕೆ ರೆಡಿ ಮಾಡಕ್ಕೆ ಆಗ್ಲೇ ಇಲ್ಲ. ಏನ್ ಮಾಡಿದ್ರು ಗೊತ್ತಾ, ಗೊಂಬೆ ಇಲ್ಲದ ರಟ್ಟಿನ ಲಕೋಟೆ ಮಾರಿದ್ರು! ಒಳಗೆ ಒಂದು ಸರ್ಟಿಫಿಕೇಟು, ಅದನ್ನ ಪೋಸ್ಟ್ ಮಾಡಿದ್ರೆ 1978ರಲ್ಲಿ ನಾಲ್ಕು ಫಿಗರ್ ಮನೆಗೆ ಬರ್ತಿತ್ತು. ಈಗ ಆ ರಟ್ಟಿಗೇ ಕಲೆಕ್ಟರ್‌ಗಳು ಬಡಿದಾಡ್ತಾರೆ. ನಮ್ ಸೀಲ್ ಸಾಹೇಬ್ರ ಕನಸಿನ ಆಟಿಕೆ ಅದೇ, ಬಾಕ್ಸ್ ಮಾತ್ರ, ಒಳಗೆ ಅಂಟೋಕೆ ಏನೂ ಇಲ್ಲ.

ನಾನು 3.75 ಇಂಚಿನ ಹಳೇ ಫಿಗರ್ ಹಿಂದೆ ಬಿದ್ದವನು. ಅಲ್ಲಿ ಡೂಪ್ಲಿಕೇಟ್ ಬೇರೆ ಥರ ನಡೆಯತ್ತೆ. ಅದೇ ಸಾಲಿನ ಜಾವಾ ಅಂತ ಕುಳ್ಳನಿಗೆ ಮೊದಲು ಪ್ಲಾಸ್ಟಿಕ್ ಮೇಲಂಗಿ ಕೊಟ್ಟಿದ್ರು, ಆಮೇಲೆ ನೋಡಕ್ಕೆ ಅಗ್ಗವಾಗಿ ಕಾಣತ್ತೆ ಅಂತ ಬಟ್ಟೆದು ಹಾಕಿದ್ರು, ಹಾಗಾಗಿ ಮೊದಲಿನದು ಸಿಗೋದೇ ಅಪರೂಪ. ಅದಕ್ಕೇ ಬೇರೆ ಫಿಗರ್‌ನ ಪ್ಲಾಸ್ಟಿಕ್ ಅಂಗಿ ಕತ್ತರಿಸಿ ಇವನಿಗೆ ಹೊದಿಸಿ ಮಾರೋರು ಹುಟ್ಕೊಂಡ್ರು. ಫಿಗರ್ ಅಸಲಿ, ಅಂಗಿ ನಕಲಿ. ಹಾಗಾಗಿ ಮೂಲೆಬೀರು ಅವ್ರೇ, ಅಂಟಿತು ಅನ್ನೋ ಒಂದೇ ಕಾರಣಕ್ಕೆ ಡೂಪ್ಲಿಕೇಟ್ ಅನ್ಬೇಡಿ. ಬೂಟ್‌ಲೆಗ್, ಅಂದ್ರೆ ಪೂರ್ತಿ ನಕಲಿ ಫಿಗರ್, ಆದ್ರೆ ಸಾಮಾನ್ಯವಾಗಿ ಮೊದಲ ದಿನವೇ ಗೊತ್ತಾಗತ್ತೆ, ಚರ್ಮ ಮೇಣ ಬಳಿದ ಹಾಗೆ ಹೊಳೆಯತ್ತೆ, ಹುಬ್ಬು ಒಂದು ಕಡೆ ಜಾರಿರತ್ತೆ, ಭುಜದ ಜೋಡಣೆಲಿ ಬಿರುಕು ಕಾಣತ್ತೆ, ಬಾಕ್ಸ್ ಮೇಲಿನ ಬಣ್ಣ ಮಂಕಾಗಿರತ್ತೆ. ಜಪಾನಿಂದ ಬಂದ ಡ್ರಾಗನ್ ಬಾಲ್, ಒನ್ ಪೀಸ್ ಥರದ್ದಾದ್ರೆ ಆ ಅನಿಮೆ ಮಾಡಿದ ತೋಯಿ ಆನಿಮೇಷನ್‌ದು ಹೊಳೆಯೋ ಲೈಸೆನ್ಸ್ ಸ್ಟಿಕ್ಕರ್ ಇದ್ಯಾ ನೋಡಿ, ಅದನ್ನೂ ನಕಲು ಮಾಡೋರಿದಾರೆ ಆದ್ರೂ ಒಂದು ಸುಳಿವು.

ಗೊಂಬಿಹುಚ್ಚ:

ನಂದೂ ಹಿಂಗ ಆಗಿತ್ರಿ ಸರ, ಒಂಟಿ ಕಾಲಿನಕಿ ಬಾಗ್ಯಾಳ ಅಂದ್ರಲ್ಲ, ಅದಕ್ಕ ಔಷಧ ಐತಿ. ಆಕಿನ ಬೇಸ್‌ನಿಂದ ತಗೀರಿ. ನೀರು ಕಾಸ್ರಿ, ಕುದಿಯೂ ನೀರು ಬ್ಯಾಡ, ಕೈ ಇಟ್ರ ಚುರ್ ಅಂದು ತಗಿಬೇಕು ಅನ್ನಿಸೂ ಅಷ್ಟ ಬಿಸಿ. ಬಾಗಿದ್ದು ಎಲ್ಲಿ, ಹೆಚ್ಚಾಗಿ ಪಾದದ ಗಿಣ್ಣಿನ ಕಡೆ ಇರ್ತೈತಿ, ಅಷ್ಟ ಭಾಗ ಒಂದೆರಡು ನಿಮಿಷ ಮುಳುಗಸ್ರಿ. ಮೆತ್ತಗ ಆಗ್ತೈತಿ. ಆಗ ನೆಟ್ಟಗ ಮಾಡಿ, ಇನ್ನೂ ಒಂದು ಎಳ್ಳಷ್ಟು ಹಿಂದಕ್ಕ ಬಗ್ಗಿಸಿ ಹಿಡದು, ಹಂಗ ತಣ್ಣೀರಾಗ ಅದ್ದಿ ಬಿಡ್ರಿ. ಗಟ್ಟಿ ಆಗಿ ಅಲ್ಲೇ ನಿಲ್ತಾಳ. ಅವಸರ ಮಾಡಿ ತಣ್ಣಗಿದ್ದಾಗ ಬಗ್ಗಸಾಕ ಹೋದ್ರ ಪಟ್ ಅಂತ ಮುರೀತೈತಿ, ನಾ ಒಂದು ಕಾಲು ಕಳಕೊಂಡೀನಿ, ಅಂದ್ರ ಗೊಂಬಿದು.

ಆದ್ರ ಮತ್ತ ಬಾಗ್ತಾಳ, ಇದು ಖರೇ. ಭಾರ ಎಲ್ಲಾ ಒಂದ ಕಾಲಿನ ಮ್ಯಾಲ ಬಿದ್ರ ಮತ್ತೇನಾಗ್ತೈತಿ. ಸೊಂಟಕ್ಕ ಆಸರ ಕೊಡೂವಂಥ ಪಾರದರ್ಶಕ ಕಡ್ಡಿ ಸ್ಟ್ಯಾಂಡ್ ಸಿಗ್ತಾವ, ಒಂದು ಹಾಕ್ರಿ, ಚಂದ ಕಾಣಂಗಿಲ್ಲ ಖರೆ, ಬಿದ್ದು ಮೂಗು ಮುರಕೊಳ್ಳೂದಕ್ಕಿಂತ ಛಲೋ.

ಹಳೇಪ್ಲಾಸ್ಟಿಕ್:

ಗೊಂಬಿಹುಚ್ಚ ಹೇಳಿದ್ದು ನೂರಕ್ಕೆ ನೂರು. ಪೇಂಟ್ ಸೂಕ್ಷ್ಮ ಇರೋ ಕಡೆ ನೀರಿನ ಬದಲು ಹೇರ್ ಡ್ರೈಯರ್ ದೂರದಿಂದ ಹಿಡಿದ್ರೂ ಆಗತ್ತೆ.

ಸೀಲ್ ಸರ್, ನಿಮ್ ಪಾಪ್ ವಿಷಯ ಒಪ್ಕೊಂಡೆ, ಅವನ್ನ ಬಾಕ್ಸ್ ಸಮೇತ ಇಟ್ಕೊಳ್ಳಿ. ಆದ್ರೆ ಸ್ಕೇಲ್ ಫಿಗರ್ ಬಾಕ್ಸ್‌ಗೂ ಅದಕ್ಕೂ ಅಜಗಜಾಂತರ. ಇದರಲ್ಲಿ ಮೇಲೊಂದು ಟೇಪ್ ಚೂರು ಇರತ್ತೆ ಅಷ್ಟೇ, ಬ್ಲೇಡಲ್ಲಿ ಸೀಳಿ ಬ್ಲಿಸ್ಟರ್ (ಫಿಗರ್ ಕೂರಿಸಿರೋ ಪ್ಲಾಸ್ಟಿಕ್ ಟ್ರೇ) ಹೊರಗೆ ಎಳೆದು ಫಿಗರ್ ತೆಗೆದು ಮತ್ತೆ ಹಾಕಿದ್ರೆ ಬಾಕ್ಸ್‌ಗೆ ಏನೂ ಆಗಲ್ಲ. ಜಪಾನಲ್ಲಿ ಸೆಕೆಂಡ್ ಹ್ಯಾಂಡ್ ಮಾರೋ ಅಂಗಡಿಗಳು ಐಟಂಗೆ ಒಂದು ಗ್ರೇಡು, ಬಾಕ್ಸ್‌ಗೆ ಬೇರೆ ಗ್ರೇಡು ಕೊಡ್ತಾವೆ, ಐಟಂ ಎ ಬಾಕ್ಸ್ ಬಿ ಅಂತ. ತೆರೆದಿದ್ದು ಅಂದ ಮಾತ್ರಕ್ಕೆ ಕಸ ಆಗಲ್ಲ. ಅದೇ ಒಳಗಿನದು ಅಂಟಿ, ಬಣ್ಣ ಹತ್ತಿ, ಬಾಗಿ ಹೋಗಿದ್ರೆ? ಬಾಕ್ಸ್ ಎ, ಐಟಂ ಗೋವಿಂದ.

ಮಾರೋ ಬೆಲೆ ನಂಬ್ಕೊಂಡು ಕೂರೋರಿಗೆ ಇನ್ನೊಂದು ನೆನಪು ಮಾಡ್ತೀನಿ. 2023ರಲ್ಲಿ ಫಂಕೋ ಕಂಪನಿಯೇ 3ರಿಂದ 3.6 ಕೋಟಿ ಡಾಲರ್ ಬೆಲೆಯ ಸ್ಟಾಕು ವಿಲೇವಾರಿ ಮಾಡ್ತೀವಿ ಅಂತ ಹೇಳ್ತು, ಇಟ್ಕೊಳ್ಳೋ ಖರ್ಚೇ ಜಾಸ್ತಿ ಆಗ್ತಿದೆ ಅಂತ. ಎಲ್ಲಾ ಡಬ್ಬನೂ ಚಿನ್ನ ಆಗಲ್ಲ. ಇಷ್ಟ ಆಗಿದ್ದನ್ನ ಇಟ್ಕೊಳ್ಳಿ ಸಾಕು.

ಸೀಲ್ ಒಡೀಬೇಡಿ:

ಸ್ಟಾಕ್ ಜಾಸ್ತಿ ಆಗಿದ್ದು ಸಾಮಾನ್ಯ ಪಾಪ್, ನಾನು ಹೇಳ್ತಿರೋದು ಚೇಸು, ಕಂಪನಿ ಮಾಡೋದು ನಿಲ್ಲಿಸಿರೋ ವಾಲ್ಟೆಡ್ಡು. ಎರಡನ್ನೂ ಒಂದೇ ತಕ್ಕಡಿಗೆ ಹಾಕ್ಬೇಡಿ. ಸ್ಕೇಲ್ ಫಿಗರ್ ಬಾಕ್ಸ್ ವಿಷಯ ಮಾತ್ರ ಸರಿ ಅನ್ಸತ್ತೆ, ನಾನು ಆ ಕಡೆ ಕೈ ಹಾಕಿಲ್ಲ. (ಕೈ ಹಾಕಬಾರದು ಅಂತಿದೀನಿ, ಜಾಗ ಇಲ್ಲ.)

ನಾಕಿಂಚು:

ಬಣ್ಣ ಹತ್ತಿದ್ದಕ್ಕೆ ಯಾರೂ ಉತ್ತರ ಕೊಡ್ಲಿಲ್ವಲ್ಲ. ಅದೂ ಪ್ಲಾಸ್ಟಿಸೈಸರ್ ಕಿತಾಪತೀನೇ, ಗಾಢ ಬಣ್ಣದ ಭಾಗ ತಿಳಿ ಬಣ್ಣಕ್ಕೆ ಅಂಟ್ಕೊಂಡು ಕೂತ್ರೆ ಬಣ್ಣ ಅದರ ಜೊತೆ ಈ ಕಡೆ ದಾಟ್ಕೊಳ್ಳತ್ತೆ. ಹೊಸ ಫಿಗರ್ ತೆಗೆದಾಗ ಕೂದಲು ಭುಜದ ಮಧ್ಯೆ, ಲಂಗ ಕಾಲಿನ ಮಧ್ಯೆ ತೆಳ್ಳಗಿನ ಪಾರದರ್ಶಕ ಹಾಳೆ ಸಿಗತ್ತಲ್ಲ, ನಾವು ಕಸ ಅಂತ ಬಿಸಾಕ್ತೀವಲ್ಲ, ಅದು ಇರೋದೇ ಇದಕ್ಕೆ. ಬಾಕ್ಸ್‌ಗೆ ವಾಪಸ್ ಹಾಕೋವಾಗ ಆ ಹಾಳೇನೂ ವಾಪಸ್ ಹಾಕ್ಬೇಕು.

ಹೋಗಿಸೋದು ಕಷ್ಟ. ಹಳೇ ಫ್ಯಾಷನ್ ಡಾಲ್ ಸರಿಮಾಡೋರು ಒಂದು ಉಪಾಯ ಮಾಡ್ತಾರೆ, ಬೆಂಜಾಯ್ಲ್ ಪೆರಾಕ್ಸೈಡ್ ಇರೋ ಮೊಡವೆ ಕ್ರೀಮ್! ಕಲೆ ಮೇಲೆ ಮಾತ್ರ ಚೂರು ಹಚ್ಚಿ, ಕ್ಲಿಂಗ್ ಫಿಲ್ಮ್ ಮುಚ್ಚಿ ಬೆಚ್ಚಗಿನ ಬೆಳಕಲ್ಲಿ ದಿನಗಟ್ಟಲೆ ಬಿಡ್ತಾರೆ, ನಿಧಾನಕ್ಕೆ ಮಾಸತ್ತೆ. ಆದ್ರೆ ಅದು ಪೇಂಟ್ ಇಲ್ಲದ ಬರೀ ವಿನೈಲ್‌ಗೆ (ಅದೇ ಮೆತ್ತಗಿನ ಪಿವಿಸಿ). ನಿಮ್ ಲಂಗಕ್ಕೆ ಮೇಲೆ ಪೇಂಟ್ ಹೊಡೆದಿದ್ರೆ ಅದೂ ಬಿಳಚಿಕೊಂಡು ಪ್ಯಾಚ್ ಪ್ಯಾಚ್ ಆಗಬಹುದು, ಮೊದಲು ಒಳಗಡೆ ಕಾಣದ ಕಡೆ ಟೆಸ್ಟ್ ಮಾಡಿ. ನಾನಾಗಿದ್ರೆ ಆ ಕಡೆ ಗೋಡೆಗೆ ತಿರುಗಿಸಿ ಇಡ್ತಿದ್ದೆ.

ಚಿಟ್ಟೆಪುಟ್ಟಿ:

ಮಧ್ಯೆ ಬಾಯಿ ಹಾಕ್ತಿದೀನಿ ಕ್ಷಮಿಸಿ, ಲಬುಬು ಅಂತ ಹಲ್ಲು ಕಿರಿಯೋ ಪುಟ್ಟ ಗೊಂಬೆ ಇದ್ಯಲ್ಲ, ಅದಕ್ಕೂ ಹೀಗಾಗತ್ತಾ? ನನ್ನ ತಂಗಿ ಬ್ಯಾಗಿಗೆ ನೇತಾಕೋ ಪಾರದರ್ಶಕ ಡಬ್ಬಿ ತಗೊಂಡು ಅದರೊಳಗೆ ಇಟ್ಟಿದಾಳೆ, ಅದಕ್ಕೊಂದು ಸ್ವೆಟರ್ ಬೇರೆ, ಒಂದು ಪುಟಾಣಿ ಶೂ ಬೇರೆ. ಗೊಂಬೆಗಿಂತ ಅದರ ಬಟ್ಟೆಗೇ ಜಾಸ್ತಿ ಖರ್ಚಾಗಿದೆ.

ಹಳೇಪ್ಲಾಸ್ಟಿಕ್:

ಮೈ ಬಟ್ಟೆ ಗೊಂಬೆ, ಮುಖ ವಿನೈಲು. ಹಾಗಾಗಿ ಮುಖ ಅಂಟಬಹುದು, ಡಬ್ಬಿಗೆ ಗಾಳಿ ತೂತು ಇದ್ರೆ ಒಳ್ಳೇದು, ಇಲ್ಲ ಅಂದ್ರೆ ಆಗಾಗ ಹೊರಗೆ ತೆಗೆದು ಮುಖ ಒರೆಸಿ. ಕಾರೊಳಗೆ ಬಿಸಿಲಲ್ಲಿ ಬಿಡಬೇಡಿ. ಗಾಢ ಬಣ್ಣದ ಸ್ವೆಟರ್ ಆಗಿದ್ರೆ ಮುಖಕ್ಕೆ ತಾಗದ ಹಾಗೆ ನೋಡ್ಕೊಳ್ಳಿ, ಮೇಲಿನ ಲಂಗದ ಕಥೆ ಓದಿದ್ರಲ್ಲ. ಹಾಗೇ ಹಲ್ಲು ಎಣಿಸಿ, ಒಂಬತ್ತು ಇರಬೇಕು. ಹೆಚ್ಚು ಕಮ್ಮಿ ಇದ್ರೆ ಅದು ಲಬುಬು ಅಲ್ಲ, ಲಫುಫು, ಅಂದ್ರೆ ನಕಲಿ.

ಚಿಟ್ಟೆಪುಟ್ಟಿ:

ಎಣಿಸಿದೆ. ಹತ್ತಿದೆ. ತಂಗಿಗೆ ಹೇಳಲ್ಲ.

ಗೊಂಬಿಹುಚ್ಚ:

😂😂 ಹೇಳಬ್ಯಾಡ್ರಿ ಪಾ, ಪಾಪ.

ಹಳೇಪ್ಲಾಸ್ಟಿಕ್:

ಮೂಲೆಬೀರು ಅವ್ರೇ, ಹೊಸ ಗಾಜಿನ ಬೀರು ಅಂದ್ರಲ್ಲ, ಅದರ ಬಾಗಿಲು ಪೂರ್ತಿ ಬಿಗಿಯಾಗಿದ್ರೆ ಅದೂ ದೊಡ್ಡ ಬಾಕ್ಸೇ. ಹಿಂದೆ ಒಂದು ಕಡೆ ಬೆರಳಗಲ ಸಂದಿ ಬಿಡಿ, ಅಥವಾ ವಾರಕ್ಕೊಮ್ಮೆ ತೆರೆದಿಡಿ. ಕಿಟಕಿ ಎದುರು ಇಡಬೇಡಿ, ಬಿಸಿಲಿನ ಯುವಿಗೆ ಬಿಳಿ ಭಾಗ ಹಳದಿಗೆ ತಿರುಗತ್ತೆ, ಅದಕ್ಕೆ ತೊಳೆಯೋ ಮದ್ದಿಲ್ಲ. ಹಾಲೊಜೆನ್ ಬೇಡ, ಎಲ್‌ಇಡಿ ಹಾಕಿ, ಅದರ ಅಡಾಪ್ಟರ್ ಬೀರು ಹೊರಗಿರಲಿ. ಧೂಳು ಬಿದ್ರೆ ಮೇಕಪ್ ಬ್ರಷ್ ಇದೆ. ಧೂಳಿಗೆ ಹೆದರಿ ಉಸಿರು ಕಟ್ಟಿಸಬೇಡಿ ಅಷ್ಟೇ.

ಅಂದ ಹಾಗೆ ಆ ನೆಂಡೊರಾಯ್ಡ್ ಕೈ. ಬ್ಲಿಸ್ಟರ್ ಹಿಂದೆ ನೋಡಿದ್ರಾ? ನೆಂಡೊರಾಯ್ಡ್ ಅಂದ್ರೆ ಇರೋದೇ 10 ಸೆಂಟಿಮೀಟರ್ರು, ಅದರ ಕೈ ಅಂದ್ರೆ ಅವರೆಕಾಳಿನಷ್ಟು. ಕೆಲವು ಬಾಕ್ಸಲ್ಲಿ ಎರಡು ಟ್ರೇ ಒಂದರ ಹಿಂದೆ ಒಂದು ಇರತ್ತೆ, ಇಲ್ಲ ಸ್ಟ್ಯಾಂಡಿನ ಭಾಗದ ಜೊತೆ ಹಿಂದೆ ಪುಟ್ಟ ಕವರ್‌ನಲ್ಲಿ ಟೇಪ್ ಹಾಕಿರತ್ತೆ. ಸುಮ್ನೆ ಒಂದ್ಸಲ ನೋಡಿ.

ಮೂಲೆಬೀರು:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಶನಿವಾರ ಭಾನುವಾರ ಎರಡು ದಿನ ಇದೇ ಕೆಲಸ ಆಯ್ತು. ಕತ್ತಿ ಮುಟ್ಟಿ ನೋಡಿದೆ, ಒಣಗೇ ಇತ್ತು, ಅಲ್ಲಿಗೆ ಅರ್ಧ ಜೀವ ಬಂತು. ಇಪ್ಪತ್ತಮೂರು ಫಿಗರ್ ತೊಳೆದೆ. ಮೊದಲನೇ ಟಬ್ ನೀರು ನೋಡ್ಬೇಕಿತ್ತು, ಮೇಲೆ ಜಿಡ್ಡಿನ ಪದರ ಕಾಮನಬಿಲ್ಲು ಥರ ತೇಲ್ತಿತ್ತು. ಒಂದಕ್ಕೆ ಮಾತ್ರ ಎರಡು ಸಲ ತೊಳೀಬೇಕಾಯ್ತು, ಉದ್ದ ಜಡೆಯವಳು, ಜಡೆ ಮಧ್ಯೆ ಕೂತಿದ್ದ ಅಂಟು ಬರೋಷ್ಟರಲ್ಲಿ ನನ್ ಬೆನ್ನು ಬಿದ್ದೋಯ್ತು. ಬಾತ್‌ರೂಮ್ ತುಂಬಾ ಟವೆಲ್ ಹಾಸಿ ತಲೆ ಒಂದು ಕಡೆ, ಕೈ ಒಂದು ಕಡೆ, ಕಾಲು ಒಂದು ಕಡೆ ಆರಕ್ಕಿಟ್ಟಿದ್ದು ನೋಡಿ ಅಪ್ಪ ಬಾಗಿಲಲ್ಲೇ ವಾಪಸ್ ಹೋದ್ರು.

ಕತ್ತಿ ಹುಡುಗಿ ನಿಂತ್ಳು! ಮೊದಲ್ನೇ ಸಲ ನೀರು ಸಾಕಷ್ಟು ಬಿಸಿ ಇರ್ಲಿಲ್ಲ, ಎರಡನೇ ಸಲಕ್ಕೆ ಪಾದದ ಗಿಣ್ಣು ರಬ್ಬರ್ ಥರ ಆಯ್ತು, ಹೇಳಿದ ಹಾಗೆ ಚೂರು ಹಿಂದಕ್ಕೆ ಹಿಡಿದು ತಣ್ಣೀರಿಗೆ ಅದ್ದಿದೆ. ಈಗ ಕಡ್ಡಿ ಸ್ಟ್ಯಾಂಡ್ ಆಸರೆಲಿ ಇದಾಳೆ. ಲಂಗದ ಕಲೆಗೆ ಮೊಡವೆ ಕ್ರೀಮ್ ಒಳಮೈಗೆ ಹಚ್ಚಿ ನೋಡಿದೆ, ಪೇಂಟ್ ಮಂಕಾಯ್ತು, ಬಿಟ್ಬಿಟ್ಟೆ. ಗೋಡೆ ಕಡೆ ತಿರುಗಿ ನಿಂತಿದಾಳೆ. ಪಾಪ್‌ಗಳನ್ನ ಬಾಕ್ಸಲ್ಲೇ ಇಟ್ಟೆ, ಸೀಲ್ ಸರ್ ಖುಷಿಯಾಗಿರ್ಲಿ, ಆದ್ರೆ ಸುತ್ತಿದ್ದ ಕವರ್ ಎಲ್ಲಾ ಕಿತ್ತು ಬಿಸಾಕ್ದೆ.

ಇನ್ನು ಆ ಕೈ. ಬ್ಲಿಸ್ಟರ್ ಪೂರ್ತಿ ಎಳೆದು ತಿರುಗಿಸಿದೆ. ಹಿಂದೆ ಬಣ್ಣದ ರಟ್ಟು, ರಟ್ಟಿನ ಹಿಂದೆ ಪುಟಾಣಿ ಕವರ್, ಕವರೊಳಗೆ ಮೈಕ್ ಹಿಡಿದಿರೋ ಕೈ. ಟೇಪ್ ಕೂಡ ಕಿತ್ತಿಲ್ಲ. ಕೊಂಡ ದಿನದಿಂದ ಅಲ್ಲೇ ಇತ್ತು.

ಆ ಒಂದು ಸ್ಟಾರ್ ರಿವ್ಯೂ ಈಗ ತಿದ್ದಕ್ಕೆ ಆಗತ್ತಾ ಅಂತ ಹುಡುಕ್ತಿದೀನಿ, ಯಾರಿಗಾದ್ರೂ ಗೊತ್ತಿದ್ರೆ ಹೇಳಿ. ತಿದ್ದಿ ಏನಂತ ಬರೀಲಿ ಅನ್ನೋದು ಬೇರೆ ತಲೆನೋವು.